ರಾಜಿಗೆ ಸಹಿ ಹಾಕಿದವರು ಮಾತು ತಪ್ಪಿದರೆ

ಅಣ್ಣ-ತಮ್ಮಂದಿರ ಪಾಲಿನ ದಾವೆ ಎಂದಿಟ್ಟುಕೊಳ್ಳಿ. ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ ಮಧ್ಯಸ್ಥಿಕೆ ಕೇಂದ್ರದಲ್ಲಿ ಎದುರುಬದುರು ಕೂತು, ಮನೆ ಅಣ್ಣನಿಗೆ, ಆರು ತಿಂಗಳಲ್ಲಿ ತಮ್ಮನಿಗೆ ಹಣ ಎಂದು ಒಪ್ಪಿ ಸಹಿ ಹಾಕುತ್ತಾರೆ. ವಾಯಿದೆ ಮುಗಿದ ಮೇಲೆ ಅಣ್ಣ ಫೋನ್ ಎತ್ತುವುದಿಲ್ಲ. ‘ಅವತ್ತು ಎಲ್ಲರ ಒತ್ತಾಯಕ್ಕೆ ಸಹಿ ಹಾಕಿದೆ’ ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತಾನೆ. ತಮ್ಮ ಮತ್ತೆ ಮೊದಲಿನಿಂದ ದಾವೆ ಹೂಡಬೇಕೇ?

ಬೇಡ, ಆ ರಾಜಿಪತ್ರ ಡಿಕ್ರಿಯಾಗಿದ್ದರೆ. ಕೋರ್ಟು ಮಧ್ಯಸ್ಥಿಕೆಗೆ ಕಳಿಸಿದ ಸಿವಿಲ್ ದಾವೆಯ ರಾಜಿಪತ್ರ ಮರಳಿ ಅದೇ ಕೋರ್ಟಿಗೆ ಹೋಗಬೇಕು, ಅಲ್ಲಿ ದಾಖಲಾಗಿ ಡಿಕ್ರಿಯಾಗಬೇಕು ಎಂದು ಸುಪ್ರೀಂ ಕೋರ್ಟ್ 2010ರ ಆಫ್ಕಾನ್ಸ್ ತೀರ್ಪಿನಲ್ಲಿ ಹೇಳಿದೆ. ಆಮೇಲೆ ತಮ್ಮ ಮಾಡಬೇಕಾದದ್ದು ಅಮಲ್ಜಾರಿ ಅರ್ಜಿ ಹಾಕುವುದಷ್ಟೆ. ಹಣದ ಡಿಕ್ರಿಗೆ ಇದಕ್ಕೆ 12 ವರ್ಷ ಕಾಲಾವಕಾಶವಿದೆ. ಅಣ್ಣನ ಆಸ್ತಿ ಜಪ್ತಿಯಾಗಬಹುದು, ಹರಾಜಾಗಬಹುದು. ಒಪ್ಪಿಗೆಯ ಡಿಕ್ರಿಯ ಮೇಲೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ. ರಾಜಿಯೇ ಕಾನೂನುಬದ್ಧವಲ್ಲ ಎನ್ನುವವನು ಡಿಕ್ರಿ ಕೊಟ್ಟ ಕೋರ್ಟಿನ ಮುಂದೆಯೇ ಅದನ್ನು ಸಾಬೀತುಮಾಡಬೇಕು. ಅದಕ್ಕೆಂದು ಬೇರೆ ದಾವೆ ಹೂಡುವಂತಿಲ್ಲ. ಲೋಕ ಅದಾಲತ್ತಿನ ಆದೇಶಕ್ಕೂ 1987ರ ಕಾಯ್ದೆ ಡಿಕ್ರಿಯ ಬಲವನ್ನೇ ಕೊಟ್ಟಿದೆ.

ಕೋರ್ಟಿನ ಹೊರಗೆ, ಹಿರಿಯರ ಮುಂದೆ ಬರೆದುಕೊಂಡ ರಾಜಿಗೆ ಈ ಬಲವಿಲ್ಲ. ಅದು ಬರೀ ಕರಾರು. ಮುರಿದರೆ ಹೊಸ ದಾವೆಯೇ ಗತಿ. ಈ ಕೊರತೆ ತುಂಬಲೆಂದೇ 2023ರ ಮಧ್ಯಸ್ಥಿಕೆ ಕಾಯ್ದೆಯ 27ನೇ ಕಲಮು, ಕಾಯ್ದೆಯಂತೆ ನಡೆದ ಮಧ್ಯಸ್ಥಿಕೆಯ ಒಪ್ಪಂದವನ್ನು ಡಿಕ್ರಿಯಂತೆಯೇ ಜಾರಿಮಾಡಬಹುದು ಎನ್ನುತ್ತದೆ. ಆದರೆ ಅದೇ ವರ್ಷ ಅಕ್ಟೋಬರ್ 9ರಂದು ಜಾರಿಗೆ ತಂದ ಕಲಮುಗಳ ಪಟ್ಟಿಯಲ್ಲಿ ಇದಿರಲಿಲ್ಲ. ಜನರಿಗೆ ಎಲ್ಲಕ್ಕಿಂತ ಬೇಕಾದದ್ದನ್ನೇ ಹಿಂದಕ್ಕಿಟ್ಟದ್ದು ಸರಿಯಲ್ಲ.

ವಿಚ್ಛೇದನದ ರಾಜಿಯಲ್ಲಿ ಇನ್ನೂ ಎಚ್ಚರ ಬೇಕು. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಡಿಕ್ರಿ ಆಗುವವರೆಗೂ ಒಪ್ಪಿಗೆ ಹಿಂಪಡೆಯಬಹುದೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಜೀವನಾಂಶದ ಹಣ ನಂಬಿ ತನ್ನ ಕೇಸುಗಳನ್ನೆಲ್ಲ ಮೊದಲೇ ವಾಪಸು ಪಡೆದ ಹೆಣ್ಣುಮಗಳು ಬರಿಗೈಯಲ್ಲಿ ನಿಲ್ಲುವಂತಾಗಬಾರದು. ಒಂದೊಂದು ಹೆಜ್ಜೆಗೆ ಒಂದೊಂದು ಕಂತು, ಜೊತೆಗೆ ಕೋರ್ಟಿಗೇ ಲಿಖಿತ ವಾಗ್ದಾನ ಎಂದು ಬರೆಸುವುದು ಕ್ಷೇಮ. ಕೋರ್ಟಿಗೆ ಕೊಟ್ಟ ವಾಗ್ದಾನ ಬೇಕೆಂದೇ ಮುರಿದವರ ಮೇಲೆ ನ್ಯಾಯಾಂಗ ನಿಂದನೆಯ ಕ್ರಮಕ್ಕೂ ದಾರಿಯಿದೆ.

ಎಷ್ಟೋ ರಾಜಿಗಳು ಸೋಲುವುದು ಬರವಣಿಗೆಯಲ್ಲಿ. ‘ಆದಷ್ಟು ಬೇಗ ಹಣ ಕೊಡತಕ್ಕದ್ದು’ ಎಂಬ ಸಾಲನ್ನು ಹಿಡಿದು ಯಾವ ಅಮೀನನೂ ಜಪ್ತಿಗೆ ಹೋಗಲಾರ. ಮೊತ್ತ, ತಾರೀಖು, ತಪ್ಪಿದರೆ ಬಡ್ಡಿ, ಜಮೀನಾದರೆ ಸರ್ವೆ ನಂಬರು, ಚೆಕ್ಕುಬಂದಿ ಎಲ್ಲವೂ ಕಾಗದದಲ್ಲಿರಬೇಕು.

ಅಮಲ್ಜಾರಿಯೇ ಎರಡನೇ ವ್ಯಾಜ್ಯವಾಗಿ ಬೆಳೆಯುವುದೂ ನಿಜ. ಕರ್ನಾಟಕ ಹೈಕೋರ್ಟಿನಿಂದ ಮೇಲೇರಿದ ಪ್ರಕರಣವೊಂದರಲ್ಲೇ ಸುಪ್ರೀಂ ಕೋರ್ಟ್ 2021ರಲ್ಲಿ, ಇಂಥ ಅರ್ಜಿಗಳು ಆರು ತಿಂಗಳಲ್ಲಿ ಮುಗಿಯಬೇಕೆಂದು ಆದೇಶಿಸಿತು. ಅರ್ಜಿ ಹಾಕುವವರು ಆ ಆದೇಶವನ್ನು ಕೋರ್ಟಿನ ಗಮನಕ್ಕೆ ತರಲಿ. ಸಹಿ ಹಾಕುವ ಮೊದಲು ನಿಮ್ಮ ವಕೀಲರನ್ನು ಇಷ್ಟು ಕೇಳಿ: ನಾಳೆ ಎದುರುಪಕ್ಷದವರು ಮಾತು ತಪ್ಪಿದರೆ ಈ ಕಾಗದದ ಮೇಲೆ ಅಮಲ್ಜಾರಿ ಆಗುತ್ತದೆಯೇ?