ಮರೆವಿನ ಮೂಲ ಹುಡುಕುವ ಮಿದುಳಿನ ಚಿತ್ರಗಳು

ಕಾರ್ಕಳದ ಮನೆಯೊಂದರಲ್ಲಿ ಅಜ್ಜಿ ಈಗಷ್ಟೇ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಪರಿಚಿತ ದಾರಿಯಲ್ಲೇ ತಪ್ಪಿಹೋಗುತ್ತಾರೆ ಎಂದುಕೊಳ್ಳಿ. ಇದು ಬರಿಯ ವಯಸ್ಸೇ, ಆಲ್ಜೈಮರ್ ಕಾಯಿಲೆಯೇ? 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ ಇದರ ಗುರುತುಗಳನ್ನು ಕಂಡದ್ದು ಮೃತ ರೋಗಿಯ ಮಿದುಳಿನಲ್ಲಿ. ಈಗ ಜೀವಂತ ಮಿದುಳಿನಲ್ಲೇ ಅವುಗಳನ್ನು ಹುಡುಕಬಹುದು.

ಎಂ.ಆರ್.ಐ. ಯಂತ್ರದ 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ, ದೇಹದ ನೀರಿನಲ್ಲಿರುವ ಪ್ರೋಟಾನ್‌ಗಳು ಸುಮಾರು 64 ಮೆಗಾಹರ್ಟ್ಸ್ ರೇಡಿಯೋ ಅಲೆಗಳಿಗೆ ಅನುರಣಿಸಿ ಸಂಕೇತ ನೀಡುತ್ತವೆ. ಅದರಿಂದ ಮಿದುಳಿನ ರಚನೆಯ ಚಿತ್ರ ಸಿಗುತ್ತದೆ. ಹೊಸ ನೆನಪುಗಳಿಗೆ ಅಗತ್ಯವಾದ ಹಿಪೊಕ್ಯಾಂಪಸ್ ಕುಗ್ಗಿದ್ದರೆ ಆಲ್ಜೈಮರ್ ಶಂಕೆ ಬಲವಾಗುತ್ತದೆ. ಗಡ್ಡೆ ಅಥವಾ ರಕ್ತಸ್ರಾವ ಕಂಡರೆ ಚಿಕಿತ್ಸೆಯ ದಾರಿಯೇ ಬೇರೆ.

ಪೆಟ್ ಸ್ಕ್ಯಾನ್ ತೋರಿಸುವುದು ಮಿದುಳಿನ ಕೆಲಸವನ್ನು. ಫ್ಲೋರಿನ್-18 ಸೇರಿಸಿದ, ಗ್ಲೂಕೋಸ್ ಹೋಲುವ ವಸ್ತುವನ್ನು ರಕ್ತಕ್ಕೆ ಚುಚ್ಚುತ್ತಾರೆ. ಅದರಿಂದ ಹೊಮ್ಮಿದ ಪಾಸಿಟ್ರಾನ್ ಎಲೆಕ್ಟ್ರಾನನ್ನು ಕೂಡಿ, ಎರಡೂ ಅಳಿದು, ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕುಗಳಿಗೆ ಚಿಮ್ಮುತ್ತವೆ. ಅವುಗಳ ಜಾಡು ಹಿಡಿದು, ಗ್ಲೂಕೋಸ್ ಬಳಕೆ ತಗ್ಗಿದ ಭಾಗಗಳನ್ನು ಗುರುತಿಸುತ್ತಾರೆ. ಅಮಿಲಾಯ್ಡ್ ಪ್ರೋಟೀನಿಗೆ ಅಂಟುವ ಬೇರೆ ವಸ್ತುಗಳೂ ಇವೆ.

ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ. ಬೆಂಗಳೂರಿನಿಂದ ಮಣಿಪಾಲಕ್ಕೆ ಅದನ್ನು ತರಲು 440 ನಿಮಿಷ ಹಿಡಿದರೆ ಎಷ್ಟು ಉಳಿದೀತು? ನಾಲ್ಕು ಅರ್ಧಾಯುಗಳು, ಹದಿನಾರರಲ್ಲಿ ಒಂದು ಪಾಲು ಮಾತ್ರ! ತರಗತಿಯಲ್ಲಿ ಈ ಲೆಕ್ಕ ಮಾಡಿಸಿ.

ಆದರೆ ಚಿತ್ರವೊಂದೇ ತೀರ್ಪಲ್ಲ. ಆರೋಗ್ಯವಂತ ವೃದ್ಧರ ಮಿದುಳಿನಲ್ಲೂ ಅಮಿಲಾಯ್ಡ್ ಇರಬಹುದು. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆಗಳೂ ಮರೆವು ತರುತ್ತವೆ, ಇವಕ್ಕೆ ಚಿಕಿತ್ಸೆಯುಂಟು. ಆದ್ದರಿಂದ ಕಾಪುವಿರಲಿ, ಉಡುಪಿಯಿರಲಿ, ಹಿರಿಯರ ಮರೆವನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗದೆ ಮೊದಲು ವೈದ್ಯರಿಗೆ ತೋರಿಸಿ.