ಗೆದ್ದವನಿಗೆ ಕಂಠೀರವನ ಹೆಸರು

ನವರಾತ್ರಿ ಸಮೀಪಿಸಿತೆಂದರೆ ಬಾಣಾವರ, ಅರಸೀಕೆರೆಗಳ ಕಡೆಯಿಂದ ಹಾಸನದ ಮಾರ್ಗವಾಗಿ ಮೈಸೂರಿಗೆ ರೈಲು ಹತ್ತುವವರಲ್ಲಿ ಬಹುಮಂದಿಯ ಚಿತ್ತ ಜಂಬೂಸವಾರಿಯ ಅಂಬಾರಿಯಲ್ಲಿ ನೆಟ್ಟಿರುವುದು ಸಹಜವೇ ಆದರೂ, ಎಳೆಯ ವಯಸ್ಸಿನಲ್ಲಿ ಒಮ್ಮೆಯಾದರೂ ಗರಡಿಯ ಕೆಮ್ಮಣ್ಣನ್ನು ಮೈಗೆ ಬಳಿದುಕೊಂಡವರು ಮೊದಲು ವಿಚಾರಿಸುವುದು ದೊಡ್ಡಕೆರೆ ಮೈದಾನದ ಕುಸ್ತಿಯನ್ನು. ಅಲ್ಲಿ ದೇವರಾಜ ಅರಸರ ಹೆಸರಿನ ಕ್ರೀಡಾಂಗಣದಲ್ಲಿ ನಡೆಯುವ ದಸರಾ ಕುಸ್ತಿಯಲ್ಲಿ ಗೆದ್ದವನಿಗೆ ಗದೆಯೊಡನೆ ದೊರೆಯುವ ಬಿರುದುಗಳಲ್ಲಿ 'ದಸರಾ ಕಂಠೀರವ' ಎಂಬುದೊಂದುಂಟು; ಅದು ಸಿಂಹಕ್ಕೆ ಸಲ್ಲುವಷ್ಟೇ ಒಬ್ಬ ಅರಸನಿಗೂ ಸಲ್ಲುವ ಹೆಸರು.

1638ರಿಂದ 1659ರವರೆಗೆ ಶ್ರೀರಂಗಪಟ್ಟಣದಲ್ಲಿ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಪಟ್ಟವೇರುವ ಮುನ್ನವೇ ಜಟ್ಟಿಯೆಂದು ಹೆಸರಾದವರು. ತಿರುಚಿರಾಪಳ್ಳಿಯ ಮಲ್ಲನೊಬ್ಬನು ತನ್ನ ಚಲ್ಲಣವನ್ನು ಊರಬಾಗಿಲಿಗೆ ತೂಗಹಾಕಿ, ಬರುವವರೆಲ್ಲ ಅದರಡಿ ನುಸುಳಿ ಹೋಗಬೇಕೆಂಬ ಸೊಕ್ಕಿನಲ್ಲಿದ್ದಾಗ, ಇವರು ವೇಷ ಮರೆಸಿಕೊಂಡು ಹೋಗಿ ಅವನನ್ನು ಕೆಡವಿ, ತಮ್ಮ ಗುರುತನ್ನು ಹೇಳದೆಯೇ ಹಿಂದಿರುಗಿದರೆಂಬುದು ಪ್ರತೀತಿ. ಕಥೆಯಲ್ಲಿ ಎಷ್ಟು ಉಪ್ಪುಕಾರ ಸೇರಿದೆಯೋ ಯಾರು ಬಲ್ಲರು! 1960ರಲ್ಲಿ ರಾಜ್‌ಕುಮಾರರು ಆ ಪಾತ್ರವನ್ನು ಬೆಳ್ಳಿತೆರೆಯ ಮೇಲೆ ಧರಿಸಿದ ಮೇಲಂತೂ ಅದು ಮನೆಮಾತಾಯಿತು.

ಮಲ್ಲವಿದ್ಯೆ ನಮ್ಮ ಸೀಮೆಗೆ ಒಡೆಯರಿಗಿಂತಲೂ ಪುರಾತನವಾದುದು. 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನನ ಕಾಲದಲ್ಲೇ ಕಲ್ಯಾಣದ ಚಾಲುಕ್ಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ನಾಲ್ಕು ಶತಮಾನಗಳ ತರುವಾಯ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಯಾತ್ರಿಕ ಪೇಸನು, ಹಲ್ಲು ಮುರಿದು ಕಣ್ಣು ಕೀಳುವಂತಹ ಅಲ್ಲಿನ ಜಟ್ಟಿಗಳ ಹೊಡೆತಗಳನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಆ ಉಗ್ರತೆಯ ಛಾಯೆ ಇಂದಿಗೂ ಉಳಿದಿರುವುದು ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗದಲ್ಲಿ: ವಿಜಯದಶಮಿಯಂದು ತಲೆ ಬೋಳಿಸಿದ ಜಟ್ಟಿಗಳು ಬೆರಳಿಗೆ ಮುಷ್ಟ್ಯಾಯುಧವನ್ನು ತೊಟ್ಟು ಎದುರುಬದುರಾಗಿ, ಒಬ್ಬನ ತಲೆಯಿಂದ ಮೊದಲ ರಕ್ತಬಿಂದು ಒಸರಿದೊಡನೆ ಹೋರಾಟ ನಿಲ್ಲುತ್ತದೆ.

ಮೈದಾನದ ನಾಡಕುಸ್ತಿ ಇಷ್ಟು ಕ್ರೂರವಲ್ಲ. ಅರಿಸಿನ, ತುಪ್ಪ, ಎಣ್ಣೆಗಳನ್ನು ಬೆರೆಸಿ ಹದಮಾಡಿದ ಮಟ್ಟಿಗೆ ಇಳಿಯುವ ಪೈಲ್ವಾನನು ಮೊದಲು ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಳ್ಳುತ್ತಾನೆ, ತೊಡೆ ತಟ್ಟುತ್ತಾನೆ, ಬೆವರಿಗೆ ಪಟ್ಟು ಜಾರದಿರಲೆಂದು ಹಿಡಿಮಣ್ಣನ್ನು ಎದುರಾಳಿಯ ಭುಜಕ್ಕೂ ತೂರುತ್ತಾನೆ. ಬೆನ್ನು ನೆಲಕ್ಕೆ ತಾಗಿದರೆ ಮುಗಿಯಿತು. ಈಚೆಗೆ ಮ್ಯಾಟ್ ಮೇಲಿನ, ಅಂಕಗಳ ಲೆಕ್ಕದ ಕುಸ್ತಿಯೂ ದಸರೆಗೆ ಬಂದಿದೆ, ಹೆಣ್ಣುಮಕ್ಕಳಿಗೆ 'ದಸರಾ ಕಿಶೋರಿ' ಬಿರುದೂ ಇದೆ. ಆದರೂ ನನ್ನ ಕಣ್ಣಿಗೆ ಕೆಮ್ಮಣ್ಣಿನ ಸೊಗಸೇ ಬೇರೆ.

ಭೂಮಂಡಲದ ಆಚೆ ಬದಿಯ ಮೆಕ್ಸಿಕೊ ನಗರದಲ್ಲಿಯೂ ಗತಿಸಿದ ಮಲ್ಲರ ಸ್ಮರಣೆ ಕುಸ್ತಿಯ ಮೂಲಕವೇ ಆಗುತ್ತದೆ. 1933ರಲ್ಲಿ ಅಲ್ಲಿನ ಕುಸ್ತಿಸಂಸ್ಥೆಯನ್ನು ಸ್ಥಾಪಿಸಿದ ಸಾಲ್ವಡೋರ್ ಲುತೆರೋತ್ ಅವರನ್ನೂ, ಅವರೊಡನೆ ಮತ್ತೊಬ್ಬ ಮಲ್ಲನನ್ನೂ ನೆನೆದು ವರ್ಷಕ್ಕೊಮ್ಮೆ ಪಂದ್ಯಗಳನ್ನು ಏರ್ಪಡಿಸುತ್ತಾರೆ. ಹಾಗೆ ನೆನೆಯಲ್ಪಟ್ಟವರಲ್ಲಿ ಎಲ್ ಸಾಂತೋ ಪ್ರಮುಖನು. 1984ರಲ್ಲಿ ಅವನು ತೀರಿಕೊಂಡಾಗ ಬೆಳ್ಳಿಬಣ್ಣದ ಮುಖವಾಡದೊಡನೆಯೇ ಅವನನ್ನು ಮಣ್ಣು ಮಾಡಿದರಂತೆ. ಅವರು ಹಿರಿಯರ ಹೆಸರನ್ನು ಕೂಟಕ್ಕೆ ಇಡುತ್ತಾರೆ, ನಾವು ಗೆದ್ದವನಿಗೇ ಇಡುತ್ತೇವೆ. ಅರಸನ ಹೆಸರಾದರೋ ಹೀಗೆ ಉಳಿಯಿತು. ಮುಂಜಾನೆಯ ಚಳಿಯಲ್ಲಿ ಹುಡುಗರಿಗೆ ದಂಡ ಬಸ್ಕಿ ಕಲಿಸಿದ ಹಳ್ಳಿಯ ಉಸ್ತಾದರ ಹೆಸರನ್ನು ಜಾತ್ರೆಯ ಕುಸ್ತಿಗಾದರೂ ಇಟ್ಟರೆ ಆಗದೆ?

ದಸರೆಯಲ್ಲಿ ಅಂಥ ಹಿರಿಯರ ಮಾತಿಗೆ ಬೆಲೆಯಿರುವುದು ಜೋಡಿ ಕಟ್ಟುವ ದಿನ. ನಾನಾ ಊರುಗಳ ಪೈಲ್ವಾನರು ಹಬ್ಬಕ್ಕೆ ಮುಂಚಿತವಾಗಿ ಬಂದು ಸೇರುತ್ತಾರೆ. ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ, ಎತ್ತರ, ಮೈಕಟ್ಟು, ಹಿಂದಿನ ಕುಸ್ತಿಗಳ ಸೋಲುಗೆಲವುಗಳನ್ನು ತೂಗಿ ನೋಡಿ, ಉಸ್ತಾದರು ಸರಿಯೆಂದ ಮೇಲೆಯೇ ಆ ಜೋಡಿ ಮಟ್ಟಿಗೆ ಇಳಿಯುವುದು.