ಸೀಮೆಯ ಮೀಸೆಯೂ ಚಲಚ್ಚಿತ್ರದ ಖಳನೂ

ಚಲಚ್ಚಿತ್ರದ ಖಳಪಾತ್ರಕ್ಕಾಗಿ ಒಂದು ಜನಾಂಗವನ್ನೋ ಒಂದು ಪ್ರದೇಶವನ್ನೋ ಗುತ್ತಿಗೆ ಹಿಡಿಯುವ ಪದ್ಧತಿ ಹೊಸತೇನೂ ಅಲ್ಲ. ಅಮೆರಿಕದ ಚಿತ್ರಗಳು ಅರಬ್ಬರನ್ನು ಹೇಗೆ ಚಿತ್ರಿಸಿವೆ ಎಂಬುದನ್ನು ಜ್ಯಾಕ್ ಶಾಹೀನ್ ಎಂಬ ವಿದ್ವಾಂಸರು 900ಕ್ಕೂ ಮಿಕ್ಕ ಚಿತ್ರಗಳನ್ನು ಪರಿಶೀಲಿಸಿ 2001ರಲ್ಲಿ ಗ್ರಂಥರೂಪವಾಗಿ ತೋರಿಸಿಕೊಟ್ಟರು. ಆ ದೂರದ ಮಾತು ಅತ್ತಲಿರಲಿ. ತೆಲುಗು ಚಲಚ್ಚಿತ್ರದ ಖಳನು ಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಬಿಡಾರ ಹೂಡಿರುವುದು ನಮ್ಮ ಕರ್ನೂಲು ಸೀಮೆಯಲ್ಲಿಯೇ ಆದುದರಿಂದ, ಮನೆಬಾಗಿಲಿನ ಈ ಸಂಗತಿಯನ್ನೇ ಉಪಾಧ್ಯಾಯ ಮಿತ್ರರ ಮುಂದೆ ಇಡಬಯಸುತ್ತೇನೆ.

ಕೆಲವು ವರ್ಷಗಳ ಕೆಳಗೆ ಒಂಬತ್ತನೆಯ ತರಗತಿಯ ಮಕ್ಕಳಿಗೆ, 'ಒಬ್ಬ ದುಷ್ಟನ ಚಿತ್ರ ಬರೆಯಿರಿ' ಎಂದು ಹೇಳಿದೆ. ರಾವಣ, ದುರ್ಯೋಧನರು ಬರುವರೆಂದು ನನ್ನ ನಿರೀಕ್ಷೆ. ಬಂದವರು ಬೇರೆಯೇ. ಬಿಳಿಯ ಪಂಚೆ, ಬಿಳಿಯ ಅಂಗಿ, ಹುರಿಮೀಸೆ, ಕೈಯಲ್ಲಿ ಮಚ್ಚು, ಹಿಂದೆ ಒಂದು ಜೀಪು. ಒಬ್ಬ ಹುಡುಗನನ್ನು 'ಇವನು ಯಾವ ಊರಿನವನಪ್ಪ?' ಎಂದು ಕೇಳಿದಾಗ ಆತ ತಡವರಿಸದೆ 'ನಮ್ಮ ಕಡೆಯವನೇ ಸಾರ್' ಎಂದ. ಆ ಹುಡುಗನ ಅಜ್ಜನಿಗೂ ಅಂಥದೇ ಮೀಸೆ. ನಾನು ಬಲ್ಲ ಅತ್ಯಂತ ಸಾಧುಗಳಲ್ಲಿ ಅವರೊಬ್ಬರು.

ಈ ಮಾದರಿ ಹುಟ್ಟಿಕೊಂಡ ಬಗೆಯನ್ನು ಸ್ವಲ್ಪ ನೋಡೋಣ. 1997ರ 'ಪ್ರೇಮಿಂಚುಕುಂದಾಂ ರಾ', 1999ರ 'ಸಮರಸಿಂಹಾರೆಡ್ಡಿ', 2001ರ 'ನರಸಿಂಹನಾಯುಡು', 2002ರ 'ಆದಿ' ಮತ್ತು 'ಇಂದ್ರ', ಹೀಗೆ ಒಂದರ ಬೆನ್ನಿಗೊಂದು ಚಿತ್ರಗಳು ಬಂದುವು. 'ಫ್ಯಾಕ್ಷನ್' ಎಂಬ ಮಾತು ಒಂದು ಚಿತ್ರಪ್ರಕಾರದ ಹೆಸರೇ ಆಗಿಹೋಯಿತು. 2003ರ 'ಒಕ್ಕಡು' ಚಿತ್ರದ ನಾಯಕ ಖಳನನ್ನು ಎದುರಿಸುವುದು ಕರ್ನೂಲಿನ ಕೊಂಡಾರೆಡ್ಡಿ ಬುರುಜಿನ ಎದುರಿಗೆ. ವಿಜಯನಗರದ ಕಾಲದ ಆ ಕಟ್ಟಡವನ್ನು ಇಂದು ಪರಸ್ಥಳದವರು ಗುರುತಿಸುವುದು ಆ ಹೊಡೆದಾಟದಿಂದಲೇ. ಆ ಖಳನಾಗಿ ನಟಿಸಿದ ಪ್ರಕಾಶ್ ರಾಜ್ ಅವರು ಕನ್ನಡಿಗರೆಂಬುದನ್ನು ನಗುತ್ತಲೇ ನೆನೆಯಬೇಕು. ಇನ್ನು ಸೀಮೆಯ ಮಾತಿನ ಧಾಟಿಯನ್ನು ಖಳನ ಬಾಯಲ್ಲಿ ಪ್ರಸಿದ್ಧಗೊಳಿಸಿದ ಜಯಪ್ರಕಾಶರೆಡ್ಡಿಯವರು ಅವಿಭಕ್ತ ಕರ್ನೂಲು ಜಿಲ್ಲೆಯವರೇ; ನಟರಾಗುವ ಮೊದಲು ನಮ್ಮಂತೆಯೇ ಉಪಾಧ್ಯಾಯರಾಗಿದ್ದವರು. ಅವರ ನಟನೆಯನ್ನು ಮೆಚ್ಚದಿರುವುದು ನನ್ನಿಂದಾಗದು. ದೋಷ ನಟನದಲ್ಲ, ಅದೇ ಅಚ್ಚಿನಲ್ಲಿ ನೂರು ಬೊಂಬೆಗಳನ್ನು ಎರೆದವರದು.

ಹಗೆತನ ಇಲ್ಲಿ ಇರಲೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇತ್ತು, ಅದನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರ. ದೇವನಕೊಂಡ ಮಂಡಲದ ಕಪ್ಪಟ್ರಾಳ ಗ್ರಾಮದ ವೈಷಮ್ಯದಲ್ಲಿ 2008ರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಹತರಾದರು. ಆದರೆ ಅದೇ ಗ್ರಾಮವನ್ನು ಮುಂದೆ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿ ಆಕೆ ರವಿಕೃಷ್ಣ ಅವರು ದತ್ತು ತೆಗೆದುಕೊಂಡು ಅಲ್ಲಿನ ಏಳಿಗೆಗೆ ಶ್ರಮಿಸಿದರು. ಮೊದಲನೆಯದರಿಂದ ಎಷ್ಟು ಚಿತ್ರಕಥೆಗಳಾದರೂ ಹುಟ್ಟಬಲ್ಲವು. ಎರಡನೆಯದನ್ನು ಕಥೆಯೆಂದು ಬಗೆಯುವ ನಿರ್ಮಾಪಕ ಎಲ್ಲಿದ್ದಾನೆ?

ಈ ಹೆಸರು ಕೆಟ್ಟುದು ಸಿನಿಮಾದಿಂದ ಮಾತ್ರವೂ ಅಲ್ಲ. 1800ರಲ್ಲಿ ನಿಜಾಮನು ಈ ನಾಡನ್ನು ಕುಂಪಣಿಗೆ ಬಿಟ್ಟುಕೊಟ್ಟಾಗ ಇದಕ್ಕೆ ದತ್ತಮಂಡಲವೆಂಬ ಹೆಸರು ಬಂತು. ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 80 ಮಂದಿ ಪಾಳೆಯಗಾರರನ್ನು ಅಡಗಿಸಿದನು. ಗೆದ್ದವನ ದಫ್ತರಿನಲ್ಲಿ ಸೋತವನು ಸಜ್ಜನನಾಗಿ ಉಳಿಯುವುದು ಎಲ್ಲಿಯಾದರೂ ಉಂಟೆ? 'ರಾಯಲಸೀಮೆ' ಎಂಬ ಗೌರವದ ಹೆಸರು ದೊರೆತುದು 1928ರಲ್ಲಿ, ನಂದ್ಯಾಲದ ಸಭೆಯಲ್ಲಿ. ಆ ಗೌರವದ ಹೆಸರನ್ನೇ ಬೆಳ್ಳಿತೆರೆ ಬಾಂಬಿನ ಸದ್ದಿಗೆ ಪರ್ಯಾಯಪದವಾಗಿಸಿತು.

ವಾಲ್ಟರ್ ಲಿಪ್‌ಮನ್ ಎಂಬ ಪತ್ರಿಕಾಕರ್ತನು 1922ರಲ್ಲಿ ಇಂಥ ಸಿದ್ಧಭಾವನೆಗಳಿಗೆ ಮುದ್ರಣಾಲಯದ ಎರಕದ ಪಡಿಯಚ್ಚಿನ ಹೆಸರನ್ನಿಟ್ಟನು. ಹೋಲಿಕೆ ಯುಕ್ತವಾಗಿದೆ. ಎರಡೂವರೆ ಗಂಟೆಯ ಚಿತ್ರದಲ್ಲಿ ಖಳನು ಏಕೆ ಖಳನಾದನೆಂದು ಬಿಡಿಸಿ ಹೇಳಲು ವ್ಯವಧಾನವಿಲ್ಲ. ಪ್ರೇಕ್ಷಕನು ನೋಡಿದೊಡನೆಯೇ ಗುರುತಿಸಬೇಕು. ಮೀಸೆ, ಮಚ್ಚು, ಮಾತಿನ ಧಾಟಿ, ಇಷ್ಟಿದ್ದರೆ ಕೆಲಸವಾಯಿತು. ನಾಯಕನೂ ಸೀಮೆಯವನೇ ಆಗಿರುವ ಚಿತ್ರಗಳಿಲ್ಲವೇ ಎಂದರೆ, ಇವೆ; ಆದರೆ ಆತನ ಸದ್ಗುಣವೂ ಮಚ್ಚಿನಲ್ಲಿಯೇ ಅಡಗಿರುತ್ತದೆ.

ಮೀಸೆಯನ್ನು ಬೋಳಿಸಿಕೊಳ್ಳಬಹುದು, ಮಾತಿನ ಧಾಟಿಯನ್ನು ಬೋಳಿಸಲಾಗದು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರರಾಜ್ಯಕ್ಕೆ ಸೇರಿದುವು. ಅಂದಿನಿಂದ ನಮ್ಮ ಮಕ್ಕಳ ಕನ್ನಡದಲ್ಲಿ ತೆಲುಗೂ ತೆಲುಗಿನಲ್ಲಿ ಕನ್ನಡವೂ ಇನ್ನಷ್ಟು ಬೆರೆತಿವೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಹೈದರಾಬಾದಿನಲ್ಲಿ ಬಾಡಿಗೆಯ ಕೋಣೆ ಹುಡುಕುತ್ತಿದ್ದಾಗ, ಊರು ಯಾವುದೆಂದು ಕೇಳಿದ ಮನೆಯೊಡೆಯರು 'ಬಾಂಬು ತಂದಿಲ್ಲವಷ್ಟೆ?' ಎಂದರಂತೆ. ತಮಾಷೆಯೇ ಇರಬಹುದು. ಆದರೆ ಆತ ಮುಂದಿನ ಮನೆಯಲ್ಲಿ ತನ್ನೂರು ಬಳ್ಳಾರಿಯೆಂದು ಹೇಳಿಕೊಂಡನು. ಬಂದು ಇದನ್ನು ನನಗೆ ಹೇಳುವಾಗ ನಕ್ಕನು; ನನಗೆ ನಗು ಬರಲಿಲ್ಲ.

ದೂರದರ್ಶನದ ವಾರ್ತಾವಾಹಿನಿಗಳ ರೀತಿಯೂ ಇದಕ್ಕಿಂತ ಬೇರೆಯಲ್ಲ. ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ವಿಜಯದಶಮಿಯ ರಾತ್ರಿ ಮಾಳಮಲ್ಲೇಶ್ವರನ ಉತ್ಸವ ನಡೆಯುತ್ತದೆ. ನೆರಣಿಕಿ, ಕೊತ್ತಪೇಟೆ ಮೊದಲಾದ ಊರವರು ದೊಣ್ಣೆ, ಪಂಜು ಹಿಡಿದು ಉತ್ಸವಮೂರ್ತಿಗಾಗಿ ಸೆಣಸುತ್ತಾರೆ. ಕನ್ನಡ ಜಿಲ್ಲೆಗಳಿಂದಲೂ ಜನ ಬರುತ್ತಾರೆ. ತಲೆಗಳು ಒಡೆಯುವುದು ನಿಜ, ಪ್ರಾಣಹಾನಿಯೂ ಆಗಿದೆ. ಆ ಆಚಾರವನ್ನು ನಾನು ಸಮರ್ಥಿಸುವವನಲ್ಲ. ಆದರೆ ಉತ್ಸವಕ್ಕೆ ಮುನ್ನ ಊರವರು ಹಾಲು ಮುಟ್ಟಿ ಪ್ರಮಾಣ ಮಾಡುವುದನ್ನು, ಗಾಯಕ್ಕೆ ಭಂಡಾರ ಬಳಿದುಕೊಂಡು ಹೊಡೆದವನ ಜತೆಯಲ್ಲೇ ಹಿಂದಿರುಗುವುದನ್ನು ಎಷ್ಟು ಜನ ತೋರಿಸುತ್ತಾರೆ?

ತೆರೆಯ ಮೇಲೆ ಬಾರದ ದೃಶ್ಯ ಇನ್ನೊಂದಿದೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳ, ಪೆದ್ದಕಡಬೂರು ಕಡೆಯ ಹಳ್ಳಿಗಳ ಜನ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೂ ಕಟ್ಟಡದ ಕೂಲಿಗೆ ಬೆಂಗಳೂರಿಗೂ ಗುಳೆ ಹೋಗುತ್ತಾರೆ. ಮಕ್ಕಳೂ ಅವರೊಡನೆ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಸಾಲುಸಾಲಾಗಿ ಗೈರುಹಾಜರಿ. ದುಷ್ಟನ ಚಿತ್ರ ಬರೆದ ಆ ಹುಡುಗನೂ ಆ ವರ್ಷ ಸಂಕ್ರಾಂತಿಯ ಬಳಿಕ ತರಗತಿಯಲ್ಲಿ ಇರಲಿಲ್ಲ. ಮೀಸೆಯ ಅಜ್ಜನೊಡನೆ ಗುಂಟೂರಿನ ಲಾರಿ ಹತ್ತಿದ್ದನು. ಆತ ಬರೆದ ಚಿತ್ರ ನನ್ನ ಮೇಜಿನ ಸೆಳೆಖಾನೆಯಲ್ಲಿ ಇನ್ನೂ ಇದೆ.